ನಮ್ಮ ಯಜಮಾನರ ಇಂಟರ್ನೆಟ್ಟು, ನನ್ನ ಗಣಿತ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎನ್ನುತ್ತಿದ್ದರು ನಮ್ಮತ್ತೆ. ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ, ಆದ್ದರಿಂದ ಒಂದು ಸಲ ಹೇಳಿಬಿಡುತ್ತೇನೆ: ಮಲ್ಲೇಶಪ್ಪ. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರು ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟವರು. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ನಾನು, ನೀಲಾಂಬಿಕ.

ಇವರಿಗೆ ಒಂದು ಕಾಯಿಲೆ. ಲೋಕದಲ್ಲಿ ಹೊಸ ಯಂತ್ರ ಯಾವುದೇ ಬರಲಿ, ನಮ್ಮೂರಿನಲ್ಲಿ ಅದು ಮೊದಲು ನಮ್ಮ ಮನೆಗೇ ಬರಬೇಕು. ಬಂದ ದಿನವೇ ಅದರ ಬಗ್ಗೆ ಇವರದೊಂದು ಅಭಿಪ್ರಾಯವೂ ಬರಬೇಕು. ಮಿಕ್ಸಿ ಬಂದಾಗ, “ಇನ್ಮೇಲೆ ಹೆಂಗಸರಿಗೆ ಸೊಂಟನೋವು ಅನ್ನೋದೇ ಇರಲ್ಲ ನೋಡ್ರಿ” ಎಂದರು. ಅದರ ಸದ್ದಿಗೆ ಪಕ್ಕದ ಮನೆಯ ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ. ಕಲರ್ ಟಿವಿ ಬಂದಾಗ, ಹತ್ತಿರ ಕೂತು ನೋಡಿದರೆ ಕಣ್ಣು ಚುರುಕಾಗುತ್ತದೆ ಎಂದರು. ವರ್ಷ ತುಂಬುವುದರೊಳಗೆ ಇವರಿಗೇ ಕನ್ನಡಕ ಬಂತು. ರಿಮೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೊಂದು ರಬ್ಬರ್‌ಬ್ಯಾಂಡು ಹಾಕಿ, ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದರು. ವಾಷಿಂಗ್ ಮೆಷೀನು ಬಂದ ವಾರ ಅದರಲ್ಲಿ ಮೂರು ಸೇರು ಆಲೂಗಡ್ಡೆ ತೊಳೆಯಲು ಹೋದರು. ಆ ಸಂಗತಿ ಎತ್ತಿದರೆ ಈಗಲೂ ಮುಖ ಊದಿಸಿಕೊಳ್ಳುತ್ತಾರೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ ಒಂದು. ಹೊಸ ಯಂತ್ರ ನೋಡಲು ನಾಲ್ಕು ಜನ ಬಂದಿರುತ್ತಾರಲ್ಲ, ಕಾಫಿ ಕೊಡಲು ಬಂದ ನಾನು ಒಂದು ಗುಂಡಿಯನ್ನು ಸುಮ್ಮನೆ ಮುಟ್ಟಿದರೂ ಸಾಕು. “ಏ ಏ ಏ, ನೀ ಮುಟ್ಟಬ್ಯಾಡ! ಇದು ಓದಿದೋರ ಸಾಮಾನು” ಎಂದು ಕಿರುಚುವುದು. ಆಮೇಲೆ ಬಂದವರ ಕಡೆ ತಿರುಗಿ, “ನಮ್ಮನೆಯೋಳು ಎಸ್ಸೆಸ್ಸೆಲ್ಸಿ ಫೇಲು, ಗಣಿತದಾಗೆ” ಎಂದು ಹಲ್ಲು ಬಿಡುವುದು. ಕೆಟ್ಟ ಮನುಷ್ಯರಲ್ಲ. ನನಗೆ ಜ್ವರ ಬಂದರೆ ಅಂಗಡಿ ಬಾಗಿಲು ಹಾಕಿ ಗಂಜಿ ಕಾಯಿಸುತ್ತಾರೆ. ಬಾಯಿಗೆ ಬೀಗವಿಲ್ಲ, ಅಷ್ಟೆ. ಇಪ್ಪತ್ತೆರಡು ವರ್ಷ ಆ ಮಾತು ಕೇಳಿದ್ದೇನೆ. ಅವರಿಗೆ ಅದು ತಮಾಷೆ. ನನಗೆ ಪ್ರತಿ ಸಲವೂ ಹೊಟ್ಟೆಯೊಳಗೆ ಉರಿ ಬೀಳುತ್ತಿತ್ತು.

ತೊಂಬತ್ತೆಂಟರ ದೀಪಾವಳಿಗೆ ಕಂಪ್ಯೂಟರ್ ಬಂತು. ಅಂಗಡಿಯ ಹಿಂಭಾಗದಲ್ಲಿ ಅದಕ್ಕೊಂದು ಕೋಣೆ ಮಾಡಿ, ನೆಲಕ್ಕೆ ಚಾಪೆ ಹಾಸಿ, “ಚಪ್ಪಲಿ ಹೊರಗೆ ಬಿಡಿ” ಎಂದು ಬೋರ್ಡು ಬರೆಸಿದರು. ಪರದೆಯ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ನೋಡಲು ಬಂದವರು ತಲೆಗೊಂದು ಮಾತಾಡಿದರು. ಅಂಜನಾಪುರದ ಕೆಂಪಪ್ಪ ನಮ್ಮ ಹಳೆಯ ಗಿರಾಕಿ. ಕೆಸರುಗಾಲು ತೊಳೆದುಕೊಂಡು ಒಳಗೆ ಬಂದವನು ಕೈಕಟ್ಟಿ ನಿಂತು ಕೇಳಿದ:

“ಡ್ಯಾಮಿನಾಗೆ ನೀರೆಷ್ಟೈತೆ ಅಂತ ಹೇಳ್ತೈತೇನ್ರಿ ಇದು?”

“ಅದಕ್ಕೆ ಡ್ಯಾಮ್ ಹತ್ರ ಹೋಗಿ ನೋಡ್ಬೇಕಪ್ಪ,” ಎಂದರು ಇವರು.

“ಪಹಣಿ ಕೊಡ್ತೈತಾ?”

“ಇಲ್ಲ.”

“ಮತ್ತೆ ಏನ್ ಮಾಡ್ತೈತ್ರಿ?”

“ನೀ ಹೇಳಿದ್ದು ಮಾಡ್ತೈತೆ!”

“ನಾ ಎರಡು ಹೇಳಿದ್ನಲ್ರಿ, ಎರಡೂ ಮಾಡಲಿಲ್ಲ,” ಎಂದ ಕೆಂಪಪ್ಪ. ನಾನು ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಕ್ಕೆ.

ನಗು ಮುಗಿದ ಮೇಲೆ ನನಗೊಂದು ಆಸೆಯಾಯಿತು. ನನ್ನ ಹೆಸರು ಅದರಲ್ಲಿ ಹೇಗೆ ಕಾಣುತ್ತದೆ ನೋಡೋಣ ಎಂದು ಹತ್ತಿರ ಹೋಗಿ ಒಂದು ಅಕ್ಷರ ಒತ್ತಿದೆ. ಅಷ್ಟೇ. ಹನ್ನೊಂದು ಜನರ ಮುಂದೆ ಅದೇ ಮಾತು, ಅದೇ ಫೇಲು, ಅದೇ ನಗು. ಹನ್ನೊಂದು ಜನ ಎಂದು ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ; ಆ ಮಟ್ಟಿನ ಗಣಿತ ನನಗೆ ಆಗಲೂ ಬರುತ್ತಿತ್ತು. ಮರುದಿನ ಬೆಳಿಗ್ಗೆ ಸೊರಬದ ಬಸ್ಸು ಹತ್ತಿದೆ.

ಸೊರಬದಲ್ಲಿ ನನ್ನ ತಂಗಿ ಗಂಗಾಶ್ರೀ ಇದ್ದಾಳೆ. ಅವಳ ಗಂಡನ ಕಡೆಯ ನೆಂಟರು ಆನಂದಪ್ಪ ಮೇಷ್ಟ್ರು, ರಿಟೈರಾಗಿ ಹೊಸಬಾಳೆಯಲ್ಲಿ ಗದ್ದೆ ನೋಡಿಕೊಂಡಿದ್ದರು. ಒಂದು ಕಾಲದಲ್ಲಿ ಸುತ್ತಲಿನ ಊರುಗಳಿಗೆಲ್ಲ ಗಣಿತ ಹೇಳಿದವರು. ನಾನು ಹೋಗಿ, “ಮೇಷ್ಟ್ರೇ, ನಾನು ಎಸ್ಸೆಸ್ಸೆಲ್ಸಿ ಕಟ್ಟಬೇಕು, ಯಾರಿಗೂ ಗೊತ್ತಾಗಬಾರದು” ಎಂದೆ. ಅವರು ನನ್ನ ನರೆಗೂದಲು ನೋಡಿ ನಗುತ್ತಾರೆಂದು ಹೆದರಿದ್ದೆ. ನಗಲಿಲ್ಲ.

“ನಿಮ್ಮನೇಲಿ ನೀರು ಕಾಯಿಸೋ ಹಂಡೆ ಇದೆಯಲ್ಲ, ಅದಕ್ಕೆ ಎಷ್ಟು ಕೊಡ ನೀರು ಹಿಡಿತದೆ?” ಎಂದು ಕೇಳಿದರು.

“ಏಳೂವರೆ.”

“ಹಂಗಾದ್ರೆ ಘನಫಲ ನಿಂಗೆ ಬರ್ತದೆ ತಂಗಿ. ಬರಲ್ಲ ಅಂತ ಯಾರೋ ಸುಮ್ನೆ ಹೇಳಿದಾರೆ. ಕೂತ್ಕ.”

ಆಮೇಲೆ ಪ್ರತಿ ಗುರುವಾರ ಸೊರಬದ ಬಸ್ಸು. ಮನೆಯಲ್ಲಿ ತಂಗಿಗೆ ಮೈ ಸರಿಯಿಲ್ಲ ಎನ್ನುತ್ತಿದ್ದೆ. ಆ ಚಳಿಗಾಲದಲ್ಲಿ ನನ್ನ ತಂಗಿಗೆ ಬಂದಷ್ಟು ಕಾಯಿಲೆ ಇಡೀ ಜಿಲ್ಲೆಯಲ್ಲಿ ಯಾರಿಗೂ ಬಂದಿರಲಾರದು. ಬೆನ್ನುನೋವು, ತಲೆಸುತ್ತು, ಅಜೀರ್ಣ, ಉಳುಕು. ಒಮ್ಮೆ ಮರೆತು, ಹಿಂದಿನ ವಾರ ಎಡಗಾಲಿಗೆ ಬಂದಿದ್ದ ಉಳುಕನ್ನು ಮುಂದಿನ ವಾರ ಬಲಗಾಲಿಗೆ ಹಾಕಿದೆ. ಇವರು ಪಾಪ, “ಒಳ್ಳೆ ಡಾಕ್ಟರಿಗೆ ತೋರಿಸ್ರಿ” ಎಂದು ಹಾರ್ಲಿಕ್ಸ್ ಡಬ್ಬಿ ಕಳಿಸಿದರು. ಆ ಹಾರ್ಲಿಕ್ಸನ್ನು ನಾನೂ ಗಂಗಾಶ್ರೀಯೂ ಬೀಜಗಣಿತ ಬಿಡಿಸುತ್ತ ಚಮಚದಲ್ಲೇ ತಿಂದು ಮುಗಿಸಿದೆವು.

ಪರೀಕ್ಷೆ ಸೊರಬದಲ್ಲೇ. ಸಿಲಬಸ್ಸು ಬದಲಾಗಿದ್ದರಿಂದ ಆರೂ ವಿಷಯ ಬರೆದೆ. ಮೊದಲ ದಿನ ಪಕ್ಕದ ಬೆಂಚಿನ ಹುಡುಗಿ ಎದ್ದು ನಿಂತು, “ನಮಸ್ತೆ ಮೇಡಂ, ನಮ್ಮ ಸೂಪರ್‌ವೈಸರ್ ನೀವೇನಾ?” ಎಂದಳು. “ಕೂತ್ಕಳವ್ವಾ, ನಾನೂ ನಿನ್ನ ಜೊತೆಯೋಳೇ” ಎಂದೆ. ಗಣಿತದ ದಿನ ಕೈ ಬೆವರಿ ಪೆನ್ನು ಎರಡು ಸಲ ಜಾರಿತು. ಹೊರಗೆ ಬಂದಾಗ ಬರೆದಿದ್ದು ಸರಿಯೋ ತಪ್ಪೋ ಒಂದೂ ತಿಳಿಯಲಿಲ್ಲ. ನನಗೆ ಕೆಲಸ ಬೇಕಿರಲಿಲ್ಲ, ಕಾಲೇಜೂ ಬೇಕಿರಲಿಲ್ಲ. ಆ ಒಂದು ಮಾತು ನಮ್ಮ ಮನೆಯಿಂದ ಹೊರಟುಹೋಗಬೇಕಿತ್ತು. ಈ ಸಲವೂ ಫೇಲಾದರೆ, ಅದು ನನ್ನನ್ನೂ ತಂಗಿಯನ್ನೂ ಮೇಷ್ಟ್ರನ್ನೂ ಬಿಟ್ಟು ಯಾರಿಗೂ ಗೊತ್ತಾಗದಂತೆ ಸತ್ತುಹೋಗಬೇಕಿತ್ತು.

ಇದರ ನಡುವೆ ಮನೆಗೆ ಇಂಟರ್ನೆಟ್ಟು ಬಂತು. ಅಂಗಡಿಯ ಫೋನಿನ ವೈರನ್ನು ಕಿತ್ತು ಕಂಪ್ಯೂಟರಿನ ಪಕ್ಕದ ಪೆಟ್ಟಿಗೆಗೆ ಸಿಕ್ಕಿಸಿದರೆ ಅದು ಕಿರ್ರ್, ಟುಂಯ್, ಖರ್ರ್ ಎಂದು ಅರಚಿ, ಆಮೇಲೆ ಪ್ರಪಂಚಕ್ಕೆ ಸೇರಿಕೊಳ್ಳುತ್ತಿತ್ತು. ಆ ಅರಚಾಟ ಕೇಳಲೆಂದೇ ಜನ ಬರುತ್ತಿದ್ದರು. ಒಂದು ದಿನ ಆನೆಯ ಚಿತ್ರ ತೋರಿಸುತ್ತೇನೆಂದು ಎಲ್ಲರನ್ನೂ ಕೂರಿಸಿದರು. ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯಿತು. ನಾನು ಒಲೆಗೆ ಹಾಲಿಟ್ಟಾಗ ಆನೆಗೆ ಬರೀ ನೆತ್ತಿ ಬಂದಿತ್ತು, ಹಾಲು ಉಕ್ಕಿ ಕೆಳಗಿಳಿಸಿದಾಗ ಕಿವಿ. ಕಾಲು ಬರುವಷ್ಟರಲ್ಲಿ ಕರೆಂಟು ಹೋಯಿತು. “ಇದೇ ಆನೇನ ನಡೆಸ್ಕಂಡು ಬಂದಿದ್ರೂ ಇಷ್ಟೊತ್ತಿಗೆ ಬರ್ತಿತ್ತು ಬಿಡ್ರಿ” ಎಂದ ಕೆಂಪಪ್ಪ.

ಮೇ ತಿಂಗಳಲ್ಲಿ ಸುದ್ದಿ ಬಂತು. ಈ ಸಲ ಎಸ್ಸೆಸ್ಸೆಲ್ಸಿ ರಿಸಲ್ಟು ಇಂಟರ್ನೆಟ್ಟಿನಲ್ಲೂ ಬರುತ್ತದಂತೆ, ಶಾಲೆಯ ಬೋರ್ಡಿಗೆ ಅಂಟಿಸುವುದಕ್ಕಿಂತ ಒಂದು ದಿನ ಮೊದಲೇ. ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಇಡೀ ತಾಲೂಕಿಗೆ ನಾನೇ ಹೇಳ್ತೀನಿ, ಪುಕ್ಕಟೆ! ನಂಬರ್ ಕೊಡ್ರಿ, ರಿಸಲ್ಟ್ ಕೇಳ್ರಿ!”

ಒಬ್ಬೊಬ್ಬರಿಗೇ ಹೇಳುತ್ತ ಕೂತರೆ ಸಂಜೆಯಾಗುತ್ತದೆಂದು ಸೌಂಡ್ ಸರ್ವಿಸಿನಿಂದ ಒಂದು ಮೈಕು, ಎರಡು ಹಾರ್ನು ತರಿಸಿ ಅಂಗಡಿಯ ಮೇಲೆ ಕಟ್ಟಿಸಿದರು. ನಮ್ಮ ಕಡೆ ಹಾಗೆಯೇ. ಗೃಹಪ್ರವೇಶಕ್ಕೂ ಹಾರ್ನು, ನಾಮಕರಣಕ್ಕೂ ಹಾರ್ನು, ಕಳೆದ ಎಮ್ಮೆಕರು ಸಿಕ್ಕರೂ ಹಾರ್ನು. ಸಾಲದ್ದಕ್ಕೆ ಸೊರಬದ ಬಸ್ಸಿನ ಕಂಡಕ್ಟರ್ ಚಿಕ್ಕಬೀರಪ್ಪನಿಗೂ ಹೇಳಿದರು, ದಾರಿಯಲ್ಲಿ ಸಿಗುವ ಹುಡುಗರ ನಂಬರುಗಳನ್ನೆಲ್ಲ ಇಸಿದುಕೊಂಡು ಬಾ ಎಂದು. ಚಿಕ್ಕಬೀರಪ್ಪನ ಕೈಯಲ್ಲಿ ನಾವು ಕಳಿಸದ ವಸ್ತುವಿಲ್ಲ. ಮಲ್ಲಿಗೆ ದಂಡೆ, ಉಪ್ಪಿನಕಾಯಿ ಜಾಡಿ, ಹೊಲಿಯಲು ಕೊಟ್ಟ ರವಿಕೆ, ಮದುವೆ ಪತ್ರಿಕೆ, ಎಲ್ಲ ಅವನ ಬ್ಯಾಗಿನಲ್ಲೇ ಓಡಾಡುವುದು.

ಸೊರಬದ ನಂಬರುಗಳೂ ಬರುತ್ತವೆಂದು ಹೆದರಿದೆ. ಆದರೂ ಧೈರ್ಯ ತಂದುಕೊಂಡೆ. ನನ್ನ ನಂಬರು ನನ್ನ ಹತ್ತಿರ ಇದೆ, ತಂಗಿಯ ಹತ್ತಿರ ಇದೆ, ಅಷ್ಟೆ. ಇಂಟರ್ನೆಟ್ಟಿನ ಮರುದಿನ ಗಂಗಾಶ್ರೀ ಸೊರಬದ ಶಾಲೆಗೆ ಹೋಗಿ ಬೋರ್ಡು ನೋಡಿ ಫೋನು ಮಾಡುತ್ತಾಳೆ. ಇವರು ಏನು ಬೇಕಾದರೂ ಊದಿಕೊಳ್ಳಲಿ.

ರಿಸಲ್ಟಿನ ದಿನ ಹನ್ನೊಂದು ಗಂಟೆಗೆ ನಮ್ಮ ಅಂಗಡಿ ಮುಂದೆ ಜನವೋ ಜನ. ಹುಡುಗರು, ಹುಡುಗಿಯರು, ಅಪ್ಪಂದಿರು, ನಡುವೆ ಐಸ್‌ಕ್ಯಾಂಡಿ ಗಾಡಿ. ನಂಬರು ಬರೆದ ಚೀಟಿಗಳನ್ನು ಇವರು ಬಿಲ್ಲು ಚುಚ್ಚುವ ಕಂಬಿಗೆ ಒಂದರ ಮೇಲೊಂದು ಚುಚ್ಚಿ ಕೂತರು. ಹಾರ್ನು ಕೆಮ್ಮಿತು.

“ಗಮನಿಸಿ, ಗಮನಿಸಿ! ಇಂಟರ್ನೆಟ್ ಬಂದೈತೆ! ಮೊದಲ್ನೇ ನಂಬರು... ಕನ್ನಡ, ಎಪ್ಪತ್ತೆರಡು. ಇಂಗ್ಲಿಷು, ನಲವತ್ತು. ಗಣಿತ...” ಎಂದು ತಡೆದರು. ಬಸ್‌ಸ್ಟ್ಯಾಂಡೇ ಉಸಿರು ಹಿಡಿಯಿತು. “ಮೂವತ್ತೇಳು! ಪಾಸು! ಹೆಸರು, ರಾಜು ಕೆ.”

ಜನ ಹೋ ಎಂದರು. ಅಯ್ಯೋ, ಇಂಟರ್ನೆಟ್ಟಿನಲ್ಲಿ ಹೆಸರೂ ಬರುತ್ತದಾ! ಗಣಿತ ಎಂದ ಮೇಲೆ ಒಂದು ತಡೆ ಬೇರೆ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಇವರಿಗೆ ಹುಟ್ಟಿನಿಂದ ಬಂದದ್ದು.

ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಂಗಿಯ ಹತ್ತಿರವಾದರೂ ಮಾತಾಡೋಣ ಎಂದು ಫೋನೆತ್ತಿದೆ. ಅಂಗಡಿಯ ಫೋನಿಗೇ ಸೇರಿದ ಇನ್ನೊಂದು ಫೋನು ಮೇಲಿನ ಮನೆಯಲ್ಲಿತ್ತು. ಅದನ್ನೂ ಇವರೇ ಹಾಕಿಸಿದ್ದು, ಊರಿಗೆ ಮೊದಲು. ಕಿವಿಗಿಟ್ಟರೆ ಒಳಗಿನಿಂದ ಖರ್ರ್ ಎಂದು ಯಾರೋ ತೆಂಗಿನಕಾಯಿ ತುರಿದ ಹಾಗಾಯಿತು. ಇಟ್ಟುಬಿಟ್ಟೆ. ಕೆಳಗೆ ಹಾರ್ನು ಹೇಳಿತು:

“ಹೋಯ್ತು, ಹೋಯ್ತು. ಯಾರೂ ಗಾಬರಿ ಆಗಬಾರ್ದು. ಇದಕ್ಕೆ ಸರ್ವರ್ ಡೌನ್ ಅಂತಾರೆ.”

ಐದು ನಿಮಿಷ ಬಿಟ್ಟು ಮತ್ತೆ ಎತ್ತಿದೆ. ಖರ್ರ್. ಇಟ್ಟೆ. “ಮತ್ತೆ ಸರ್ವರ್ ಡೌನು!” ಮೂರನೆಯ ಸಲವೂ ಅದೇ. ಫೋನು ಕೆಟ್ಟಿದೆ ಎಂದು ನಾನು, ಸರ್ವರು ಕೆಟ್ಟಿದೆ ಎಂದು ಅವರು. ಕೆಳಗೆ ಜನ ಸಲಹೆ ಕೊಡಲು ಶುರುಮಾಡಿದ್ದರು. ಬಿಸಿಲಿಗೆ ವೈರು ಕಾದಿರಬೇಕು, ಒದ್ದೆ ಬಟ್ಟೆ ಸುತ್ತಿ ಎಂದು ಒಬ್ಬ. ವಿಭೂತಿ ಹಳೆಯದಾಗಿದೆ, ಹೊಸದಾಗಿ ಹಚ್ಚಿ ಎಂದು ಇನ್ನೊಬ್ಬ. ಯಾರೋ ತೆಂಗಿನಕಾಯಿಯನ್ನೇ ಒಡೆದರು.

ಆಗ ನನ್ನ ಮುಂದಿದ್ದ ಫೋನು ರಿಂಗಾಯಿತು. ಗಂಗಾಶ್ರೀ.

“ಎಂತದೇ ಅಕ್ಕಾ, ಬೆಳಿಗ್ಗೆಯಿಂದ ಮಾಡ್ತಾ ಇದೀನಿ, ಬರೀ ಎಂಗೇಜು! ಕೇಳು, ನಂಗೆ ನಾಳೆತನಕ ತಡಿಯಕ್ಕೇ ಆಗ್ಲಿಲ್ಲ ಮಾರಾಯ್ತಿ. ನಿನ್ನ ನಂಬರ್ ಚೀಟೀಲಿ ಬರ್ದು ಚಿಕ್ಕಬೀರಪ್ಪನ ಕೈಲಿ ಕೊಟ್ಟಿದೀನಿ. ಭಾವನೇ ನೋಡಿ ಹೇಳ್ತಾರೆ.”

“ಏನು?”

“ಹೆದರ್ಬೇಡ್ವೇ. ಹೆಸರು ಬರ್ದಿಲ್ಲ. ಬರೀ ನಂಬರು. ಅವರಿಗೆ ಹೆಂಗೆ ಗೊತ್ತಾಗತ್ತೆ?”

“ಹೆಸರು ಅದೇ ಹೇಳ್ತೈತಲ್ಲೇ ಪೆದ್ದಿ! ಹೆಸರು, ಮಾರ್ಕು, ಎಲ್ಲಾ ಹಾರ್ನಿನಾಗೆ ಹೇಳ್ತಿದಾರೆ!”

“ಅಯ್ಯಯ್ಯೋ,” ಎಂದಳು ನನ್ನ ತಂಗಿ. “ನಂಗೀಗ ನಿಜವಾಗ್ಲೂ ತಲೆ ಸುತ್ತುತಾ ಇದೆ ಕಣೇ.”

ಫೋನಿಟ್ಟು ಬಾಲ್ಕನಿಗೆ ಓಡಿದೆ. ಸೊರಬದ ಬಸ್ಸು ಬಂದು ನಿಂತಿತ್ತು. ಚಿಕ್ಕಬೀರಪ್ಪ ಚೀಟಿಗಳ ಕಟ್ಟನ್ನು ಇವರ ಕೈಗೆ ಕೊಡುತ್ತಿದ್ದ. ಇವರು ಬಾಗಿಲಲ್ಲೇ ನಿಂತು ಅದನ್ನು ಇನ್ನೊಂದು ಕಂಬಿಗೆ ಚುಚ್ಚಿದರು. ನನಗೇ ಚುಚ್ಚಿದ ಹಾಗಾಯಿತು.

ಹೇಗಾದರೂ ಆ ಚೀಟಿ ಎತ್ತಬೇಕು. ಟೀ ಮಾಡಿಕೊಂಡು, ಸೆರಗು ಸರಿಮಾಡಿಕೊಂಡು, ಮುಖದಲ್ಲಿ ನಗು ಇಟ್ಟುಕೊಂಡು ಕೆಳಗಿಳಿದೆ. ಲೋಟ ಒಂದು ಕೈಯಲ್ಲಿ, ಇನ್ನೊಂದು ಕೈ ಆ ಕಂಬಿಯ ಕಡೆ. ಮೇಲಿನ ಚೀಟಿಯ ಅಂಚು ಬೆರಳಿಗೆ ತಾಗಿತು.

“ಏ ಏ ಏ! ಟೀ ತರಬ್ಯಾಡ ಇಲ್ಲಿ! ಕರೆಂಟ್ ಹೊಡಿತೈತೆ!” ಎಂದರು, ಅದೂ ಮೈಕಿನಲ್ಲಿ. ಬಸ್‌ಸ್ಟ್ಯಾಂಡಿನ ಆ ತುದಿಯಲ್ಲಿ ಮಲಗಿದ್ದ ಮುದುಕನೊಬ್ಬ ಎದ್ದು ಕೂತ. ನಾನು ಟೀ ಸಮೇತ ವಾಪಸು ಮೇಲೆ ಬಂದು, ಅದನ್ನು ನಾನೇ ಕುಡಿದೆ.

ಕುಡಿಯುವಾಗ ತಲೆ ಓಡಿತು. ಕೆಳಗೆ ಪೆಟ್ಟಿಗೆ ಕಿರ್ರ್ ಟುಂಯ್ ಎಂದು ಮುಗಿಸಿ, ಹಾರ್ನು “ಬಂತು, ಬಂತು!” ಎಂದಿತು. ನಾನು ಫೋನೆತ್ತಿದೆ. “ಹೋಯ್ತು, ಹೋಯ್ತು!” ಎಂದಿತು. ಇಟ್ಟೆ. ಸ್ವಲ್ಪ ಹೊತ್ತಿಗೆ, “ಬಂತು!” ಎತ್ತಿದೆ. “ಹೋಯ್ತು!”

ಅಯ್ಯೋ ಶಿವನೇ! ಸರ್ವರು ಎಂದರೆ ನಾನು!

ನನಗೆ ಬಂದ ನಗು ಎಂಥದ್ದೆಂದರೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷ ಒಂದು ಗುಂಡಿ ಮುಟ್ಟಲು ಬಿಡದವರ ಇಂಟರ್ನೆಟ್ಟು ನನ್ನ ಬಲಗೈಯಲ್ಲಿತ್ತು. ಎತ್ತಿದರೆ ಪ್ರಪಂಚ ಬಂದ್, ಇಟ್ಟರೆ ಚಾಲೂ. ಎಂಟು ಸಲ ಎತ್ತಿದೆ. ಇವರು ಕೆಳಗೆ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತಿದ್ದರು, ಬೆವರು ಒರೆಸಿಕೊಳ್ಳುತ್ತ, “ಅಮೆರಿಕಾದಾಗೆ ಮಳೆ ಇರಬೌದು ರೀ” ಎಂದು ಜನರಿಗೆ ಸಮಾಧಾನ ಹೇಳುತ್ತಿದ್ದರು. ಹೀಗೇ ಸಂಜೆವರೆಗೆ ಎಳೆದರೆ ಜನ ಬೇಸತ್ತು ಹೋಗುತ್ತಾರೆ, ಚೀಟಿ ಒಲೆಗೆ ಹಾಕಿದರಾಯಿತು ಎಂದುಕೊಂಡೆ.

ಒಂಬತ್ತನೆಯ ಸಲ ಎತ್ತಿ ಹಿಡಿದಾಗ ಮೆಟ್ಟಿಲ ಮೇಲೆ ಸದ್ದಾಯಿತು. ದುರ್ಗಮ್ಮ. ಅಂಜನಾಪುರದಿಂದ ದಿನಾ ಸೊಪ್ಪು ತಂದು ನಮ್ಮ ಜಗಲಿಯಲ್ಲಿ ಮಾರುವವಳು. ಅವಳ ಹಿಂದೆ ಮಗಳು ಮೇಘನಾ, ಮುಖ ಬಿಳಿಚಿಕೊಂಡು, ಸೆಟೆದು ನಿಂತಿದ್ದಳು.

“ಅಮ್ಮಾರೇ, ಒಂದಿಷ್ಟು ನೀರು ಕೊಡ್ರಿ. ಹುಡುಗಿ ಬೆಳಗಿನಿಂದ ಎರಡ್ ಸಲ ವಾಂತಿ ಮಾಡ್ಯಾಳೆ. ಇವತ್ತು ಹೋಗಲಿ, ನಾಳೆ ಶಾಲ್ಯಾಗೆ ನೋಡಣ ಅಂದ್ರೆ, ಇನ್ನೊಂದ್ ರಾತ್ರಿ ಹಿಂಗೇ ಇರಕ್ಕಾಗಲ್ಲ ಅಂತಾಳೆ.”

ಮೇಘನಾ ನೀರು ಕುಡಿಯಲಿಲ್ಲ. “ಗಣಿತದ್ದೇ ಹೆದರಿಕೆ ಅಮ್ಮಾ,” ಎಂದಳು.

ನನಗೆ ಸುಡುಸುಡು ನಾಚಿಕೆಯಾಯಿತು. ಅವಳ ವಯಸ್ಸಿನಲ್ಲಿ ನಾನು ಪೋಸ್ಟಾಫೀಸಿನ ಕಟ್ಟೆಯ ಮೇಲೆ ಬೆಳಗಿನಿಂದ ಪೇಪರು ಕಾಯುತ್ತ ಕೂತಿದ್ದೆ. ಅಂದು ಯಾರಾದರೂ ಪೇಪರನ್ನು ಬೇಕೆಂದೇ ತಡೆದು ಹಿಡಿದಿದ್ದರೆ ಅವರಿಗೆ ಏನೆನ್ನುತ್ತಿದ್ದೆ? ಕೆಳಗೆ ಇಂಥವರು ಅರವತ್ತು ಜನ ನಿಂತಿದ್ದರು, ಬಿಸಿಲಿನಲ್ಲಿ, ನಾನು ಮೇಲೆ ಕೂತು ಕಿಸಿಕಿಸಿ ನಗುತ್ತಿದ್ದೆ.

ಫೋನನ್ನು ಕೆಳಗಿಟ್ಟೆ. ಅದರ ಮೇಲೆ ಒಂದು ದಿಂಬನ್ನೂ ಇಟ್ಟೆ, ನನ್ನ ಕೈಯ ಮೇಲೆ ನನಗೇ ನಂಬಿಕೆಯಿರಲಿಲ್ಲ. “ಬಾರೇ ಮೇಘನಾ, ಈಗ ಬರ್ತೈತೆ ನೋಡು” ಎಂದು ಅವಳ ಕೈ ಹಿಡಿದು ಕೆಳಗಿಳಿದೆ.

ಬಂತು. ಈ ಸಲ ಹೋಗಲಿಲ್ಲ. ಒಂದಾದ ಮೇಲೊಂದು ಚೀಟಿ ಕಂಬಿಯಿಂದ ಬಿಡಿಸಿಕೊಂಡಿತು. ಪಾಸಾದವರು ಕುಣಿದರು, ಫೇಲಾದವರಿಗೆ ಇವರು “ಅಕ್ಟೋಬರಿಗೆ ಕಟ್ಟಪ್ಪಾ, ಅಳಬ್ಯಾಡ” ಎಂದರು, ಮೈಕಿನಲ್ಲೇ. ಮೇಘನಾಳ ಗಣಿತದಲ್ಲಿ ಎಂದಿನಂತೆ ತಡೆದು, “ಎಂಬತ್ತೆಂಟು!” ಎಂದಾಗ ದುರ್ಗಮ್ಮ ಸೊಪ್ಪಿನ ಬುಟ್ಟಿಯನ್ನೇ ಮೇಲಕ್ಕೆಸೆದಳು. ಹರಿವೆ ಸೊಪ್ಪು ಜನರ ತಲೆ ಮೇಲೆಲ್ಲ ಬಿತ್ತು. ಮೇಘನಾ ನನ್ನ ಸೊಂಟ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಎಂಬತ್ತೆಂಟು ಬರುವವಳಿಗೆ ಯಾವ ಹೆದರಿಕೆ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು.

ಆಮೇಲೆ ಸೊರಬದ ಕಟ್ಟು. ಕುಬಟೂರಿನ ಹುಡುಗ ಒಬ್ಬ ಪಾಸು. ಇನ್ನೊಬ್ಬ ಪಾಸು. ಮೂರನೆಯ ಚೀಟಿ ನನ್ನ ತಂಗಿಯ ದುಂಡಕ್ಷರ. ಗೋಡೆಗೆ ಒರಗಿ ನಿಂತೆ. ಓಡಿಹೋಗಬಹುದಿತ್ತು, ಹೋಗಲಿಲ್ಲ.

ಇವರು ಎರಡು ಬೆರಳಲ್ಲಿ ನಂಬರು ಕುಟ್ಟಿದರು. ಗೆರೆ ಗೆರೆಯಾಗಿ ಅದು ಇಳಿಯಿತು.

“ಕನ್ನಡ, ನೂರಿಪ್ಪತ್ತೈದಕ್ಕೆ ನೂರಾ ನಾಲ್ಕು! ಯಾರ ಮಗಳೋ, ಜಾಣೆ ಐತೆ ಕೂಸು. ಇಂಗ್ಲಿಷು, ನಲವತ್ತಾರು. ಹಿಂದಿ, ಐವತ್ತು. ವಿಜ್ಞಾನ, ಐವತ್ತೆಂಟು. ಸಮಾಜ, ಅರವತ್ತೊಂಬತ್ತು. ಗಣಿತ...”

ತಡೆದರು. ಆ ತಡೆಯಲ್ಲಿ ನಾನು ಆನಂದಪ್ಪ ಮೇಷ್ಟ್ರನ್ನು ನೆನೆದೆ, ನಮ್ಮ ಹಂಡೆಯನ್ನು ನೆನೆದೆ, ಈ ಮನುಷ್ಯನ ನಾಲಿಗೆಗೆ ಹುಣ್ಣಾಗಲಿ ಎಂದೂ ನೆನೆದೆ.

“ನಲವತ್ತೊಂದು! ಪಾಸು! ಎಲ್ಲಾದ್ರಾಗೂ ಪಾಸು!”

ನನ್ನ ಕಣ್ಣು ಕತ್ತಲಿಟ್ಟು ಮತ್ತೆ ಬೆಳಗಾಯಿತು. ನಲವತ್ತೊಂದು! ಬೇಕಾದದ್ದು ಮೂವತ್ತೈದು, ಮೇಲೆ ಆರು ಹೆಚ್ಚು! ಕುಣಿಯಬೇಕು, ಕೂಗಬೇಕು, ಐಸ್‌ಕ್ಯಾಂಡಿ ಗಾಡಿಯನ್ನೇ ಕೊಂಡುಕೊಳ್ಳಬೇಕು ಅನ್ನಿಸಿತು.

“ಹೆಸರು... ನೀಲಾಂಬಿಕ ಯು.” ಹಾರ್ನು ನಕ್ಕಿತು. “ಅಯ್ಯ, ನಮ್ಮನೆಯೋಳ ಹೆಸರೇ ನೋಡ್ರಿ! ಯು ಅಂದ್ರೆ ಉಚ್ಚಂಗಪ್ಪನೋ ಏನೋ, ನಮ್ಮ ಮಾವನೂ ಉಚ್ಚಂಗಪ್ಪನೇ! ಆದ್ರೆ ಇದು ಬ್ಯಾರೆ ನೀಲಾಂಬಿಕ ಬಿಡ್ರಿ. ನಮ್ಮಾಕಿ ಎಸ್ಸೆಸ್ಸೆಲ್ಸಿ ಫೇಲು, ಗಣಿತದಾಗೆ!”

ಬಸ್‌ಸ್ಟ್ಯಾಂಡು ನಕ್ಕಿತು. ನಾನು ಚಾಪೆಯ ಮೇಲೆ ಎರಡು ಹೆಜ್ಜೆ ಮುಂದೆ ಹೋದೆ, ಚಪ್ಪಲಿ ಕಾಲಲ್ಲೇ.

“ಅದು ನಾನೇ ರೀ.”

ಮೈಕು ಹತ್ತಿರವಿತ್ತು. ನನ್ನ ಮಾತು ಎರಡೂ ಹಾರ್ನಿನಲ್ಲಿ ಹೊರಗೆ ಹೋಯಿತು.

“ಏನು?” ಎಂದಿತು ಹಾರ್ನು.

“ಆ ನೀಲಾಂಬಿಕ ನಾನೇ. ಸೊರಬದಾಗೆ ಕಟ್ಟಿದ್ದೆ. ತಂಗಿಗೆ ಯಾವ ಕಾಯಿಲೆನೂ ಇರಲಿಲ್ಲ. ಹಾಲ್ ಟಿಕೆಟ್ ತೋರಿಸ್ಲಾ?”

ಇವರು ಪರದೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪರದೆ. ಕುರ್ಚಿ ಹಿಂದಕ್ಕೆ ಬಿತ್ತು. “ಪಾಸಾಗ್ಯಾಳೆ!” ಎಂದು ಕೂಗಿದರು. “ನಮ್ಮನೆಯೋಳು ಪಾಸಾಗ್ಯಾಳೆ ರೀ! ನಲವತ್ತೊಂದು! ಕನ್ನಡದಾಗೆ ನೂರಾ ನಾಲ್ಕು!” ಹೊರಗೆ ಶಿಳ್ಳೆಗಳು ಬಿದ್ದವು. ಬಸ್ಸಿನ ಡ್ರೈವರು ಸೀಟಿನಲ್ಲಿ ಕೂತೇ ಬಾಂಯ್ ಎಂದು ಹಾರ್ನು ಒತ್ತಿದ, ಚಿಕ್ಕಬೀರಪ್ಪ ಪೀಪಿ ಊದಿದ, ಬಸ್ಸು ಹೊರಟಿತೆಂದುಕೊಂಡು ನಾಲ್ಕು ಜನ ಓಡಿ ಹತ್ತಿದರು. ಇವರಂತೂ ಬನಿಯನ್ನಿನಲ್ಲೇ ನನ್ನ ಸುತ್ತ ಒಂದು ಸುತ್ತು ಬಂದರು.

ಸುತ್ತು ಮುಗಿದ ಮೇಲೆ ನಿಂತು, ಮುಖ ಸಣ್ಣಗೆ ಮಾಡಿ ಕೇಳಿದರು: “ನಂಗ್ಯಾಕೆ ಹೇಳಲಿಲ್ಲೇ? ನಾ ಏನು ಬ್ಯಾಡ ಅಂತಿದ್ನಾ?”

“ಫೇಲಾಗಿದ್ರೆ ಊರಿಗೆಲ್ಲಾ ಹೇಳ್ತಿದ್ರಿ,” ಎಂದೆ. “ಇಪ್ಪತ್ತೆರಡು ವರ್ಷದಿಂದ ಅದನ್ನೇ ಹೇಳಿದ್ರಿ. ಈಗ ಎರಡು ನಿಮಿಷದ ಹಿಂದೆನೂ ಹೇಳಿದ್ರಿ. ನಂಗೆ ಎಷ್ಟು ಉರಿತೈತೆ ಅಂತ ಒಂದಿನನಾದ್ರೂ ಕೇಳಿದ್ರಾ?”

ಇದೂ ಹೊರಗೆ ಹೋಯಿತು. ಶಿಳ್ಳೆ ನಿಂತಿತು. ಐಸ್‌ಕ್ಯಾಂಡಿಯವನ ಗಂಟೆಯೂ ನಿಂತಿತು. ಇವರು ಮೈಕಿನ ಗುಂಡಿಯನ್ನು ಹುಡುಕಿ ಆಫ್ ಮಾಡಿದರು. ತಮ್ಮ ಕಾಲಿನ ಬೆರಳುಗಳನ್ನೇ ನೋಡುತ್ತ, ನನಗಷ್ಟೇ ಕೇಳುವಂತೆ ಹೇಳಿದರು:

“ತಪ್ಪಾತು ಕಣೇ. ನಾ ತಮಾಷೆ ಅನ್ಕಂಡಿದ್ದೆ.”

ನನಗೆ ಅಷ್ಟು ಸಾಕಾಗಿತ್ತೋ ಏನೋ. ಆದರೆ ಬಾಗಿಲಲ್ಲಿ ದುರ್ಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಯಜಮಾನ್ರೇ, ಇಲ್ಲಿ ಏನೂ ಕೇಳಿಸ್ತಿಲ್ಲ! ಫೇಲು ಅಂದಿದ್ದು ಬಸ್‌ಸ್ಟ್ಯಾಂಡಿಗೆಲ್ಲಾ ಕೇಳಿತು. ಇದನ್ನೂ ಮೈಕಿನಾಗೇ ಹೇಳ್ರಿ!”

“ಮೈಕು! ಮೈಕು!” ಎಂದು ಹುಡುಗರು ಶುರುಮಾಡಿದರು. ಮೇಘನಾಳ ದನಿ ಎಲ್ಲರಿಗಿಂತ ಜೋರು.

ಇವರು ನನ್ನ ಮುಖ ನೋಡಿದರು, ಬೇಡ ಎನ್ನುತ್ತಾಳೇನೋ ಎಂದು. ನಾನು ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದರಲ್ಲಿ ಕೂತೆ.

ಗುಂಡಿ ಒತ್ತಿದರು. ಗಂಟಲು ಸರಿಮಾಡಿಕೊಂಡರು.

“ಗಮನಿಸಿ. ನಾನು ಮಲ್ಲೇಶಪ್ಪ ಮಾತಾಡ್ತಿರೋದು. ನಮ್ಮನೆಯೋಳು ನೀಲಾಂಬಿಕ ಎಸ್ಸೆಸ್ಸೆಲ್ಸಿ ಪಾಸು. ಇಷ್ಟು ವರ್ಷ ನಾಲ್ಕು ಜನದ ಮುಂದೆ ನಾ ಆಡಿದ್ದು ತಪ್ಪು. ತಪ್ಪಾತು.”

ಬಸ್‌ಸ್ಟ್ಯಾಂಡಿನ ಆ ತುದಿಯವರೆಗೆ ಅದು ಹೋಗಿ ಮುಟ್ಟಿದ್ದನ್ನು ನಾನು ಕೇಳಿಸಿಕೊಂಡೆ.

“ಇನ್ನೊಂದ್ ಸಲ ಹೇಳ್ರಿ,” ಎಂದೆ.